ನೇಮಕಪತ್ರವಿಲ್ಲದ ನೌಕರ ಮತ್ತು ಉದ್ಯೋಗ ಕಡಿತ

ನೌಕರನ ತಪ್ಪೇನೂ ಇಲ್ಲದೆ, ಕೆಲಸ ಸಾಲದು ಅಥವಾ ಇಷ್ಟು ಜನ ಬೇಕಿಲ್ಲ ಎಂಬ ಕಾರಣಕ್ಕೆ ಮಾಲೀಕ ಅವನನ್ನು ಬಿಡಿಸುವುದು ಉದ್ಯೋಗ ಕಡಿತ. ಕಾರ್ಖಾನೆಗಳಲ್ಲೂ ಕಾರ್ಮಿಕ ಇಲಾಖೆಯಲ್ಲೂ ಇದಕ್ಕೆ ರಿಟ್ರೆಂಚ್‌ಮೆಂಟ್ ಎಂಬ ಹೆಸರೇ ಬಳಕೆಯಲ್ಲಿದೆ. ಹೀಗೆ ಕೆಲಸ ಕಳೆದುಕೊಳ್ಳುವ ಬಹಳ ಮಂದಿಯ ಕೈಯಲ್ಲಿ ನೇಮಕಪತ್ರವೇ ಇರುವುದಿಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ಭಾರತದ ಕೃಷಿಯೇತರ ಕ್ಷೇತ್ರದಲ್ಲಿ ತಿಂಗಳ ಸಂಬಳ ಪಡೆಯುವವರಲ್ಲೇ ಅರ್ಧಕ್ಕಿಂತ ಹೆಚ್ಚು ಜನರಿಗೆ ಲಿಖಿತ ಕರಾರಿಲ್ಲ. ದಿನಗೂಲಿಯವರ ಮಾತು ಬೇರೆ ಹೇಳಬೇಕಿಲ್ಲ. ‘ನಿನಗೆ ಆರ್ಡರ್ ಕೊಟ್ಟೇ ಇಲ್ಲ, ತೆಗೆದುಹಾಕಿದ್ದಾರೆ ಅಂತ ಯಾರನ್ನು ಕೇಳ್ತೀಯ?’ ಎಂಬ ಮಾತನ್ನು ನಂಬಿ ಬರಿಗೈಲಿ ಮನೆಗೆ ಹೋದವರಿಗೆ ಲೆಕ್ಕವಿಲ್ಲ. ಆ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ನೋಟಿಸು, ಪರಿಹಾರ, ಗ್ರಾಚ್ಯುಟಿ, ಬಾಕಿ ಸಂಬಳ ಇವೆಲ್ಲ ದುಡಿದದ್ದರಿಂದ ಹುಟ್ಟುವ ಹಕ್ಕುಗಳು. ಪತ್ರವಿಲ್ಲದವನಿಗೆ ಕಷ್ಟವಾಗುವುದು ದುಡಿದದ್ದನ್ನು ರುಜುವಾತು ಮಾಡುವಾಗ.

ಬಾಯಿಮಾತಿನ ಕರಾರು

1872ರ ಭಾರತೀಯ ಕರಾರು ಕಾಯ್ದೆ ಕರಾರು ಬರಹದಲ್ಲೇ ಇರಬೇಕೆಂದು ಹೇಳುವುದಿಲ್ಲ. ಒಪ್ಪಿಗೆ ಮಾತಿನಲ್ಲಿರಬಹುದು, ನಡವಳಿಕೆಯಲ್ಲೂ ಇರಬಹುದು. ‘ಸೋಮವಾರದಿಂದ ಬಾ, ತಿಂಗಳಿಗೆ ಹದಿನೈದು ಸಾವಿರ’ ಎಂದು ಮೇಸ್ತ್ರಿ ಹೇಳಿ, ಹೆಣ್ಣುಮಗಳೊಬ್ಬಳು ಬಂದು ಮಷಿನ್ ಮುಂದೆ ಕೂತು, ತಿಂಗಳ ಕೊನೆಗೆ ಬಟವಾಡೆ ಆದರೆ ಅಲ್ಲಿಗೆ ಕರಾರು ಪೂರ್ತಿಯಾಯಿತು. ಮೇಲಾಗಿ ಕಾರ್ಮಿಕ ಕಾನೂನು ಕೊಡುವ ಕನಿಷ್ಠ ರಕ್ಷಣೆಯನ್ನು ಯಾವ ಕರಾರೂ ಕಿತ್ತುಕೊಳ್ಳಲಾಗದು. ಆದ್ದರಿಂದ ಕರಾರಿನ ಕಾಗದ ಇಲ್ಲದಿದ್ದರೂ ಆ ರಕ್ಷಣೆ ಅಲ್ಲೇ ಇರುತ್ತದೆ.

ನೇಮಕಪತ್ರ ಕೊಡುವ ಹೊಣೆ ಮಾಲೀಕನದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ (1961) 6-ಎ ಕಲಮಿನಂತೆ ಕೆಲಸಕ್ಕೆ ಸೇರಿಸಿಕೊಂಡ 30 ದಿನದೊಳಗೆ ಹೆಸರು, ಹುದ್ದೆ, ಸಂಬಳ, ಷರತ್ತುಗಳನ್ನು ಬರೆದ ನೇಮಕಾತಿ ಆದೇಶವನ್ನು ನೌಕರನಿಗೆ ತಲುಪಿಸಬೇಕು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಕರ್ತವ್ಯ ದೇಶದಾದ್ಯಂತ ಹರಡಿತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ (2020) ತನ್ನ ವ್ಯಾಪ್ತಿಯ ಪ್ರತಿ ನೌಕರನಿಗೂ ನೇಮಕಪತ್ರ ಕೊಡಬೇಕೆನ್ನುತ್ತದೆ. ಮೊದಲಿನಿಂದ ಪತ್ರವಿಲ್ಲದೆ ದುಡಿಯುತ್ತಿದ್ದವರಿಗೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕೆಂದು ಗಡುವನ್ನೂ ಹಾಕಿದೆ. ಹೆಚ್ಚುಕಡಿಮೆ ಹತ್ತು ಜನ ದುಡಿಯುವ ಜಾಗಗಳಿಂದ ಈ ಸಂಹಿತೆ ಶುರುವಾಗುತ್ತದೆ. ಮೂರು ಜನರ ಬಟ್ಟೆ ಅಂಗಡಿಯ ಹುಡುಗನಿಗೆ ಆಸರೆಯಾಗುವುದು ರಾಜ್ಯದ 1961ರ ಕಾಯ್ದೆಯೇ. ಪತ್ರ ಕೊಡದ ತಪ್ಪು ಮಾಲೀಕನದಾಗಿರುವಾಗ, ಅದೇ ತಪ್ಪನ್ನು ಗುರಾಣಿಯಾಗಿ ಹಿಡಿದು ನೌಕರನ ಪರಿಹಾರವನ್ನು ತಡೆಯಲು ಅವನಿಗೆ ಅವಕಾಶ ಕೊಡುವುದು ಅನ್ಯಾಯ. ನ್ಯಾಯಾಲಯಗಳು ಇದನ್ನು ಒಪ್ಪಿಕೊಂಡದ್ದು ನಿಧಾನವಾಗಿ, ಅದೂ ಅರೆಮನಸ್ಸಿನಿಂದ.

ಕಾನೂನು ಬೆಳೆದ ಬಗೆ

1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಮೊದಲಿಗೆ ಉದ್ಯೋಗ ಕಡಿತದ ಪರಿಹಾರವೇ ಇರಲಿಲ್ಲ. 1953ರಲ್ಲಿ ಬಟ್ಟೆ ಗಿರಣಿಗಳಲ್ಲಿ ಸರಕು ಮಾರಾಟವಾಗದೆ ಉಳಿದು ಸಾವಿರಾರು ಜನರನ್ನು ಮನೆಗೆ ಕಳಿಸುವ ಪರಿಸ್ಥಿತಿ ಬಂದಾಗ ಸರ್ಕಾರ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆಗೆ 5-ಎ ಅಧ್ಯಾಯವನ್ನು ಸೇರಿಸಿತು. ಇಂದಿಗೂ ನೌಕರನನ್ನು ಕಾಯುವ ಸೂತ್ರಗಳೆಲ್ಲ ಅಲ್ಲಿಯವೇ: ಒಂದು ವರ್ಷ ಸತತ ಸೇವೆಯಾಗಿದ್ದರೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಬದಲು ಸಂಬಳ, ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನದಂತೆ ಪರಿಹಾರ, ಸರ್ಕಾರಕ್ಕೆ ಮಾಹಿತಿ, ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ಸರದಿ, ಮತ್ತೆ ಜನ ಬೇಕಾದಾಗ ತೆಗೆದವರಿಗೇ ಮೊದಲ ಕರೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 300 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳು ಸರ್ಕಾರದ ಪೂರ್ವಾನುಮತಿ ಪಡೆಯಬೇಕೆಂಬ ನಿಯಮ ಬಂತು. ಮುಂದೆ ಆ ಮಿತಿ 100ಕ್ಕೆ ಇಳಿಯಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮರಳಿ 300ಕ್ಕೆ ಏರಿಸಿದೆ, ಅರ್ಜಿಗೆ 60 ದಿನದಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಎಂದೂ ಹೇಳಿದೆ. ನೂರರಿಂದ ಮುನ್ನೂರರೊಳಗಿನ ಕಾರ್ಖಾನೆಗಳ ಕಾರ್ಮಿಕರಿಗೆ ಇದು ನಿಜವಾದ ನಷ್ಟ. ಹೊಸ ಸಂಹಿತೆ ಏನೇನು ಕೊಟ್ಟಿದೆ ಎಂದು ಲೆಕ್ಕ ಹಾಕುವಾಗ ಇದನ್ನು ಮರೆಮಾಚಬಾರದು. ಮತ್ತೆ ಕರೆಯುವ ಹಕ್ಕಿಗೂ ಈಗ ಒಂದು ವರ್ಷದ ಮಿತಿ ಬಿದ್ದಿದೆ. ನೋಟಿಸು ಮತ್ತು ಪರಿಹಾರದ ನಿಯಮ ಮಾತ್ರ ಹಾಗೇ ಉಳಿದು, ಸಣ್ಣ ಕೈಗಾರಿಕೆಗೂ ಅನ್ವಯಿಸುತ್ತದೆ.

ಕೆಲಸದಿಂದ ತೆಗೆದದ್ದಕ್ಕೆ ಮಾಲೀಕ ಯಾವ ಹೆಸರು ಕೊಟ್ಟ ಎಂಬುದು ಮುಖ್ಯವಲ್ಲ. ಶಿಸ್ತುಕ್ರಮದ ಶಿಕ್ಷೆಯೊಂದನ್ನು ಬಿಟ್ಟು ಯಾವುದೇ ಕಾರಣಕ್ಕೆ ಮಾಲೀಕ ಸೇವೆ ಕೊನೆಗೊಳಿಸಿದರೂ ಅದು ರಿಟ್ರೆಂಚ್‌ಮೆಂಟ್ ಎಂಬ ವಿಶಾಲ ಅರ್ಥವನ್ನು ಸುಪ್ರೀಂ ಕೋರ್ಟ್ 1976ರ ಸುಂದರ ಮಣಿ ಪ್ರಕರಣದಲ್ಲಿ ಹೇಳಿತು. 1990ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಸ್ವಂತ ಇಚ್ಛೆಯ ನಿವೃತ್ತಿ, ವಯೋನಿವೃತ್ತಿ, ಅವಧಿ ನಿಗದಿಯಾದ ಕರಾರು ಮುಗಿಯುವುದು ಇದರಿಂದ ಹೊರಗೆ. ಈ ಕೊನೆಯ ವಿನಾಯಿತಿಯ ವಿಷಯದಲ್ಲಿ ಪತ್ರವಿಲ್ಲದವನಿಗೆ ಒಂದು ಅನುಕೂಲವೇ ಇದೆ. ‘ನಿನ್ನ ಅವಧಿ ಮುಗಿಯಿತು’ ಎನ್ನುವ ಮಾಲೀಕ ಆ ಅವಧಿ ಬರೆದ ಕಾಗದವನ್ನು ತೋರಿಸಬೇಕಾಗುತ್ತದೆ. ಕಾಗದವೇ ಕೊಟ್ಟಿಲ್ಲವಾದರೆ ತೋರಿಸುವುದಾದರೂ ಏನನ್ನು?

240 ದಿನಗಳ ರುಜುವಾತು

ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷದ ಸತತ ಸೇವೆಯಾದಂತೆ ಎಂದು ಕಾನೂನು ಎಣಿಸುತ್ತದೆ. ಗಣಿಯ ನೆಲದಡಿಯಲ್ಲಿ ದುಡಿಯುವವರಿಗೆ 190 ದಿನ ಸಾಕು. ಸಂಬಳ ಸಹಿತ ರಜೆ, ಹೆರಿಗೆ ರಜೆ, ಕೆಲಸವಿಲ್ಲದೆ ತಾತ್ಕಾಲಿಕವಾಗಿ ಕೂರಿಸಿದ (ಲೇ-ಆಫ್) ದಿನಗಳೂ ಎಣಿಕೆಗೆ ಬರುತ್ತವೆ. ಪತ್ರವಿಲ್ಲದವರ ಬಹುಪಾಲು ಮೊಕದ್ದಮೆಗಳು ಗೆಲ್ಲುವುದೂ ಸೋಲುವುದೂ ಈ 240ರ ಮೇಲೆಯೇ. ಈ ವಿಷಯದ ಎರಡು ಮುಖ್ಯ ತೀರ್ಪುಗಳು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದವು.

ಮೊದಲನೆಯದು 2002ರ ಹಡಿಮನಿ ಪ್ರಕರಣ, ಅರಣ್ಯ ಇಲಾಖೆಯ ಒಬ್ಬ ದಿನಗೂಲಿ ನೌಕರನದು. 240 ದಿನ ದುಡಿದಿದ್ದೇನೆ ಎಂದು ಅವನು ಪ್ರಮಾಣಪತ್ರ ಸಲ್ಲಿಸಿದ್ದ, ಇಲಾಖೆ ಅಲ್ಲಗಳೆಯಿತು. ರುಜುವಾತಿನ ಭಾರ ನೌಕರನದೇ. ಅವನ ಸ್ವಂತ ಪ್ರಮಾಣದ ಮಾತೊಂದೇ ಸಾಲದು, ಸಂಬಳದ ರಸೀದಿಯನ್ನೋ ನೇಮಕದ ದಾಖಲೆಯನ್ನೋ ತರಬೇಕಿತ್ತು ಎಂದು ಕೋರ್ಟು ಹೇಳಿ ಅವನ ವಿರುದ್ಧ ತೀರ್ಪಿತ್ತಿತು. ಹಾಜರಿ ಪುಸ್ತಕ ಯಾರ ಬೀರುವಿನಲ್ಲಿತ್ತು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ತೂಕ ಸಿಗಲಿಲ್ಲ. ಎಷ್ಟೋ ಬಡವರ ದಾವೆಗಳು ಅದರ ಆಧಾರದಲ್ಲಿ ಬಿದ್ದುಹೋದವು.

ಮೂರು ವರ್ಷದ ಮೇಲೆ, ಯಲ್ಲಟ್ಟಿ ಪ್ರಕರಣದಲ್ಲಿ, ಅದೇ ಕೋರ್ಟು ವಾಸ್ತವವನ್ನು ಹತ್ತಿರದಿಂದ ನೋಡಿತು. ಭಾರ ನೌಕರನ ಮೇಲೇ ಇದೆ ಎಂಬುದನ್ನು ಬಿಡಲಿಲ್ಲ. ಆದರೆ ದಿನಗೂಲಿಯವರಿಗೆ ನೇಮಕಪತ್ರವಾಗಲಿ ವಜಾ ಪತ್ರವಾಗಲಿ ಇರುವುದಿಲ್ಲ, ಹಣ ಪಡೆದ ರಸೀದಿಯೂ ಇರುವುದಿಲ್ಲ ಎಂಬುದನ್ನು ನ್ಯಾಯಮೂರ್ತಿಗಳು ಬಾಯಿಬಿಟ್ಟು ಒಪ್ಪಿಕೊಂಡರು. ನೌಕರ ಸಾಕ್ಷಿಕಟ್ಟೆ ಹತ್ತಿ ಖುದ್ದಾಗಿ ಸಾಕ್ಷ್ಯ ನುಡಿಯಬೇಕು. ಮಸ್ಟರ್ ರೋಲ್, ವೇತನ ವಹಿ, ಹಾಜರಿ ವಹಿಗಳನ್ನು ಹಾಜರುಪಡಿಸುವಂತೆ ಮಾಲೀಕನನ್ನು ಕೇಳಬೇಕು. ಅವನು ತರದಿದ್ದರೆ ಅವನ ವಿರುದ್ಧ ಊಹೆ ಕಟ್ಟಬೇಕೇ ಎಂಬುದನ್ನು ಆಯಾ ಪ್ರಕರಣ ನೋಡಿ ನಿರ್ಧರಿಸಬೇಕು ಎಂದರು. ಆ ನೌಕರನ ಕೈಯಲ್ಲಿದ್ದದ್ದು ಹಿಂದಿನ ಎಂಜಿನಿಯರೊಬ್ಬರು ಬರೆದುಕೊಟ್ಟ ಸೇವಾ ಪ್ರಮಾಣಪತ್ರ. ಅವನನ್ನು ಉಳಿಸಿದ್ದು ಆ ಕಾಗದ. 2009ರಲ್ಲಿ ಗುಜರಾತಿನ ಮೀನುಗಾರಿಕೆ ಇಲಾಖೆಯ ಪ್ರಕರಣದಲ್ಲಿ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ದಾಖಲೆ ಇಟ್ಟುಕೊಂಡವನು ಅದನ್ನು ಮುಚ್ಚಿಟ್ಟರೆ ಪ್ರತಿಕೂಲ ಊಹೆ ಮಾಡುವುದು ಸರಿ ಎಂದಿತು.

ಈ ತೀರ್ಪುಗಳಿಂದ ತಿಳಿಯುವ ಕೆಲಸದ ಮಾತು ಇಷ್ಟು. ನೌಕರ ತನ್ನ ಕಡೆಯಿಂದ ಒಂದಿಷ್ಟು ಪುರಾವೆ ಇಡಬೇಕು, ಆಮೇಲೆ ದಾಖಲೆ ತರುವ ಒತ್ತಡ ಮಾಲೀಕನ ಮೇಲೆ ಬೀಳುತ್ತದೆ. ದಾಖಲೆ ತರಿಸಬೇಕೆಂಬ ಅರ್ಜಿಯನ್ನು ವಿಚಾರಣೆಯ ಆರಂಭದಲ್ಲೇ ಹಾಕದೆ ಸೋತವರು ಬಹಳ ಮಂದಿ. ವಕೀಲರಿಗೆ ಇದನ್ನು ನೆನಪಿಸುವುದರಲ್ಲಿ ಸಂಕೋಚ ಬೇಡ.

ಪುರಾವೆ ಎಂದರೆ ದೊಡ್ಡದೇನೂ ಆಗಬೇಕಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಅದೇ ಹೆಸರಿನಿಂದ ಬಿದ್ದ ಹಣ, ಯುಪಿಐ ಸಂದೇಶ, ಗೇಟ್ ಪಾಸ್, ಗುರುತಿನ ಚೀಟಿ, ಇಎಸ್ಐ ಕಾರ್ಡು, ಓವರ್‌ಟೈಮ್ ಚೀಟಿ, ಸೂಪರ್‌ವೈಸರ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಶಿಫ್ಟ್ ಪಟ್ಟಿ, ಆಯುಧಪೂಜೆಯ ದಿನ ಯಂತ್ರದ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋ, ಪಕ್ಕದ ಟೇಬಲ್ಲಿನವನ ಸಾಕ್ಷಿ ಎಲ್ಲವೂ ಎಣಿಕೆಗೆ ಬರುತ್ತವೆ. ಮೊಬೈಲಿನ ಸಂದೇಶಗಳನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ (2023) 63ನೇ ಕಲಮಿನ ಪ್ರಮಾಣಪತ್ರವನ್ನು ಜೊತೆಗಿಡಬೇಕು. ಆದ್ದರಿಂದ ಹಳೆಯ ಫೋನನ್ನು ಮಾರಬಾರದು, ಸಂದೇಶ ಅಳಿಸಬಾರದು.

ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಭವಿಷ್ಯನಿಧಿ ಖಾತೆ. ಯುಎಎನ್ ಪಾಸ್‌ಬುಕ್ಕಿನಲ್ಲಿ ಮಾಲೀಕನ ಹೆಸರು, ಸೇರಿದ ದಿನ, ತಿಂಗಳವಾರು ವಂತಿಗೆ ಎಲ್ಲವೂ ಇದ್ದು, ಅವು ಮಾಲೀಕನೇ ಸರ್ಕಾರಕ್ಕೆ ಕೊಟ್ಟ ಹೇಳಿಕೆಗಳಾಗಿರುವುದರಿಂದ ಅವನು ಅಲ್ಲಗಳೆಯಲಾರ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ವಾಪಸಾತಿಗೆ ಹೊಸ ನಿರ್ಬಂಧ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಬೊಮ್ಮನಹಳ್ಳಿ, ಹೊಸೂರು ರಸ್ತೆಗೆ ಇಳಿದು ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರು. ಕೆಲಸ ಹೋದ ದಿನ ತಮ್ಮದೆಂದು ಹೇಳಿಕೊಳ್ಳಲು ಉಳಿಯುವುದು ಆ ಖಾತೆಯೊಂದೇ ಎಂದು ಅವರು ಬಲ್ಲರು. 20 ಅಥವಾ ಹೆಚ್ಚು ಜನರಿದ್ದೂ ಭವಿಷ್ಯನಿಧಿ ಕಟ್ಟದ ಮಾಲೀಕನ ಮೇಲೆ ಭವಿಷ್ಯನಿಧಿ ಕಚೇರಿಗೆ ದೂರು ಕೊಟ್ಟರೆ ಅಲ್ಲಿ ನಡೆಯುವ ವಿಚಾರಣೆಯೇ ಮುಂದೆ ನೌಕರಿಯ ರುಜುವಾತಾಗುತ್ತದೆ.

‘ಕೆಲಸ ಬಿಟ್ಟು ಅವನೇ ಹೋದ’

ಪತ್ರವಿಲ್ಲದ ನೌಕರನನ್ನು ತೆಗೆಯುವಾಗ ಹೆಚ್ಚಾಗಿ ನೋಟಿಸು ಕೊಡುವುದಿಲ್ಲ. ‘ನಾಳೆಯಿಂದ ಬರಬೇಡ’ ಎಂದು ಗೇಟಿನಲ್ಲಿ ಹೇಳಿ ಕಳಿಸುತ್ತಾರೆ, ಬೆರಳಚ್ಚಿನ ಹಾಜರಿ ಯಂತ್ರದಿಂದ ಹೆಸರು ತೆಗೆಯುತ್ತಾರೆ. ಆರು ತಿಂಗಳ ನಂತರ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ, ನಾವು ತೆಗೆದೇ ಇಲ್ಲ, ಅವನೇ ಬರಲಿಲ್ಲ ಎನ್ನುತ್ತಾರೆ. ಇದಕ್ಕೆ ಮದ್ದು ಅಗ್ಗದ್ದು: ತಡೆದ ದಿನವೇ ಅಥವಾ ಮರುದಿನ, ‘ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ಇಂಥ ದಿನ ಗೇಟಿನಲ್ಲಿ ತಡೆದಿರಿ, ಕಾರಣ ತಿಳಿಸಿ’ ಎಂದು ನಾಲ್ಕು ಸಾಲು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಮತ್ತು ನಕಲನ್ನು ಇಟ್ಟುಕೊಳ್ಳುವುದು. ಕೈಬರಹದ ಕನ್ನಡವೇ ಸಾಕು, ವಕೀಲರ ನೋಟಿಸೇ ಆಗಬೇಕಿಲ್ಲ.

ಇನ್ನೊಂದು ಬಗೆ ರಾಜೀನಾಮೆ ಬರೆಸಿಕೊಳ್ಳುವುದು. ಬಾಕಿ ಸಂಬಳ ಬೇಕಿದ್ದರೆ ಇಲ್ಲಿ ಸಹಿ ಮಾಡು ಎಂದು ಇಂಗ್ಲಿಷಿನ ಹಾಳೆಯನ್ನು ಮುಂದಿಡುತ್ತಾರೆ. ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ, ಲೆಕ್ಕವೆಲ್ಲ ಚುಕ್ತಾ ಆಗಿದೆ ಎಂದು ಅದರಲ್ಲಿ ಬರೆದಿರುತ್ತದೆ. ಬಲವಂತದ ರಾಜೀನಾಮೆಯನ್ನು ನ್ಯಾಯಾಲಯ ವಜಾ ಎಂದು ಕಾಣಬಲ್ಲದು, ಆದರೆ ಬಲವಂತವನ್ನು ರುಜುವಾತು ಮಾಡುವುದು ಕಠಿಣ. ಓದಲು ಬಾರದ ಹಾಳೆಗೆ ಸಹಿ ಹಾಕದಿರುವುದೇ ಲೇಸು. ಹಾಕಲೇಬೇಕಾಗಿ ಬಂದರೆ ‘ಹಕ್ಕುಗಳನ್ನು ಕಾಯ್ದಿರಿಸಿ, ಆಕ್ಷೇಪಣೆಯೊಂದಿಗೆ’ ಎಂದು ಸಹಿಯ ಮೇಲೆ ಬರೆದು ಹಾಳೆಯ ಫೋಟೋ ತೆಗೆದುಕೊಳ್ಳಬೇಕು.

ಎಷ್ಟು ಹಣ ಬರಬೇಕು

ಒಬ್ಬ ಪ್ಯಾಕಿಂಗ್ ಕೆಲಸಗಾರ್ತಿಯ ಲೆಕ್ಕ ಹಾಕಿ ನೋಡೋಣ. ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,000 ರೂಪಾಯಿ, ಸೇವೆ 6 ವರ್ಷ 7 ತಿಂಗಳು. ಆರು ತಿಂಗಳು ಮೀರಿದ ಭಾಗ ಪೂರ್ಣ ವರ್ಷವಾಗುವುದರಿಂದ ಸೇವೆ 7 ವರ್ಷ. ಕಡಿತದ ಪರಿಹಾರ ವರ್ಷಕ್ಕೆ 15 ದಿನದ್ದು, ಅಂದರೆ 9,000ದಂತೆ 63,000. ನೋಟಿಸು ಕೊಡದಿದ್ದರೆ ಅದರ ಬದಲಿಗೆ 18,000. ಗ್ರಾಚ್ಯುಟಿಯಲ್ಲಿ ತಿಂಗಳನ್ನು 26 ದಿನವೆಂದು ಭಾಗಿಸುವುದರಿಂದ ಅದು ಸ್ವಲ್ಪ ಹೆಚ್ಚು, 72,692. ಇದರ ಮೇಲೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಹೊಸದಾಗಿ ತಂದ ಮರುಕೌಶಲ ನಿಧಿಗೆ ಮಾಲೀಕ 15 ದಿನದ ವೇತನ ಕಟ್ಟಬೇಕು. ಕಡಿತವಾದ 45 ದಿನದೊಳಗೆ ಆ 9,000 ಕಾರ್ಮಿಕಳ ಖಾತೆಗೆ ಬರಬೇಕು. ಒಟ್ಟು 1,62,692 ರೂಪಾಯಿ. ಉಳಿದ ರಜೆಯ ಹಣ, ಬೋನಸ್, ಭವಿಷ್ಯನಿಧಿ ಬೇರೆ. ‘ಎರಡು ತಿಂಗಳ ಸಂಬಳ ಕೊಡ್ತೀವಿ, ಹೋಗು’ ಎಂದಾಗ ಎಷ್ಟನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ಈ ಲೆಕ್ಕ ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ.

ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ದುಡಿದ ದಿನಗಳ ಸಂಬಳವನ್ನಂತೂ ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ (2019) ಹೇಳುತ್ತದೆ. ನೋಟಿಸು, ಪರಿಹಾರಗಳನ್ನು ಕೊಡದೆ ಮಾಡಿದ ಕಡಿತ ಆರಂಭದಿಂದಲೇ ಅಸಿಂಧು. ಹಿಂದೆ ಇದಕ್ಕೆ ಹಿಂಬಾಕಿ ವೇತನದೊಂದಿಗೆ ಮರುನೇಮಕವೇ ಸಹಜ ಪರಿಹಾರವಾಗಿತ್ತು. ಈಚಿನ ಒಂದೂವರೆ ದಶಕದಲ್ಲಿ ಸುಪ್ರೀಂ ಕೋರ್ಟು ದಿನಗೂಲಿಯವರ ಪ್ರಕರಣಗಳಲ್ಲಿ ಮರುನೇಮಕದ ಬದಲು ಒಂದು ಮೊತ್ತ ಕೊಡಿಸುವ ಕಡೆಗೆ ವಾಲಿದೆ.

ಯಾರು ಒಳಗೆ, ಯಾರು ಹೊರಗೆ

ಉದ್ದಿಮೆ ಎಂಬುದರ ಅರ್ಥವನ್ನು ಆಸ್ಪತ್ರೆ, ವಿದ್ಯಾಸಂಸ್ಥೆಗಳವರೆಗೆ ಹಿಗ್ಗಿಸಿದ್ದು ಬೆಂಗಳೂರು ಜಲಮಂಡಳಿಯ ನೌಕರರಿಂದ ಹುಟ್ಟಿದ 1978ರ ರಾಜಪ್ಪ ಪ್ರಕರಣ. ಕೈಗಾರಿಕಾ ಸಂಬಂಧಗಳ ಸಂಹಿತೆ ದತ್ತಿ, ಸಮಾಜಸೇವೆಯ ಸಂಸ್ಥೆಗಳನ್ನೂ ಮನೆಗೆಲಸವನ್ನೂ ಹೊರಗಿಟ್ಟಿದೆ. ಹೀಗಾಗಿ ಹತ್ತು ವರ್ಷ ಒಂದೇ ಮನೆಯಲ್ಲಿ ಪಾತ್ರೆ ತೊಳೆದವಳಿಗೆ ಕಡಿತದ ಪರಿಹಾರವಿಲ್ಲ, ಮತ್ತು ಇದು ಈ ಕಾನೂನಿನ ಅತಿ ದೊಡ್ಡ ಕೊರತೆ. ವ್ಯವಸ್ಥಾಪಕ ಕೆಲಸದವರೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರೂ ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಸೇರುವುದಿಲ್ಲ. ಇಲ್ಲಿ ನೋಡುವುದು ನಿಜವಾಗಿ ಮಾಡಿದ ಕೆಲಸವನ್ನು. ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಎಂದು ಅಚ್ಚಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಅಂಗಡಿ, ಕಚೇರಿಗಳ ನೌಕರರಿಗೆ 1961ರ ರಾಜ್ಯ ಕಾಯ್ದೆಯ 39ನೇ ಕಲಮು ಇನ್ನೊಂದು ದಾರಿ: ಆರು ತಿಂಗಳು ಸತತ ದುಡಿದವರನ್ನು ಸಮಂಜಸ ಕಾರಣ ಮತ್ತು ಒಂದು ತಿಂಗಳ ನೋಟಿಸು ಇಲ್ಲದೆ ತೆಗೆಯುವಂತಿಲ್ಲ, ತೆಗೆದರೆ ಮೇಲ್ಮನವಿ ಉಂಟು.

ಸರ್ಕಾರಿ ಇಲಾಖೆಗಳ ದಿನಗೂಲಿಯವರಿಗೆ 2006ರ ಉಮಾದೇವಿ ತೀರ್ಪು ಅಡ್ಡ ಬರುತ್ತದೆ ಎಂಬ ನಂಬಿಕೆಯಿದೆ. ಕರ್ನಾಟಕದ್ದೇ ಆದ ಆ ಪ್ರಕರಣ ತೀರ್ಮಾನಿಸಿದ್ದು ಕಾಯಂಗೊಳಿಸುವ ಹಕ್ಕಿನ ಪ್ರಶ್ನೆಯನ್ನು. ತೆಗೆಯುವಾಗ ನೋಟಿಸು, ಪರಿಹಾರ ಕೊಡುವ ಕರ್ತವ್ಯ ಅದರಿಂದ ತಪ್ಪುವುದಿಲ್ಲ. ಆ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಬಾರದು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಿತು. ಗುತ್ತಿಗೆದಾರನ ಮೂಲಕ ಬಂದವರು, ಗುತ್ತಿಗೆ ಬರೀ ತೋರಿಕೆಯದು, ಕೆಲಸ ಹೇಳುತ್ತಿದ್ದವನು, ರಜೆ ಕೊಡುತ್ತಿದ್ದವನು ಮೂಲ ಮಾಲೀಕನೇ ಎಂದು ತೋರಿಸಬಹುದು; ಏನಿದ್ದರೂ ಗುತ್ತಿಗೆದಾರ ಕೊಡದ ಸಂಬಳವನ್ನು ಮೂಲ ಮಾಲೀಕ ಕೊಡಬೇಕು. ಆ್ಯಪ್ ಮೂಲಕ ಊಟ, ಸಾಮಾನು ತಲುಪಿಸುವವರಿಗೆ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾನೂನು ಲಿಖಿತ ಕಾರಣ ಮತ್ತು 14 ದಿನದ ನೋಟಿಸಿನ ರಕ್ಷಣೆಯನ್ನಷ್ಟೇ ಕೊಟ್ಟಿದೆ.

ಹೊರದೇಶದ ಕನ್ನಡಿಗರು

ಬ್ರಿಟನ್ನಿನಲ್ಲಿ 1965ರಿಂದ ಉದ್ಯೋಗ ಕಡಿತಕ್ಕೆ ಶಾಸನಬದ್ಧ ಪರಿಹಾರವಿದೆ. ಬಾಯಿಮಾತಿನ ಕರಾರು ಅಲ್ಲೂ ಸಿಂಧು. 2020ರ ಏಪ್ರಿಲ್ 6ರಿಂದ ಕೆಲಸದ ಮೊದಲ ದಿನವೇ ಷರತ್ತುಗಳ ಲಿಖಿತ ವಿವರ ಕೊಡಬೇಕು. ಕೊಡದಿದ್ದರೆ, ನೌಕರ ಬೇರೊಂದು ದಾವೆಯಲ್ಲಿ ಗೆದ್ದಾಗ ನ್ಯಾಯಮಂಡಳಿ ಎರಡು ಅಥವಾ ನಾಲ್ಕು ವಾರದ ವೇತನವನ್ನು ಹೆಚ್ಚುವರಿಯಾಗಿ ಕೊಡಿಸುತ್ತದೆ. ಎರಡು ವರ್ಷ ಸೇವೆಯಾದವರಿಗೆ ವಯಸ್ಸಿಗೆ ತಕ್ಕಂತೆ ವರ್ಷಕ್ಕೆ ಅರ್ಧ, ಒಂದು ಅಥವಾ ಒಂದೂವರೆ ವಾರದ ಪರಿಹಾರ, ಗರಿಷ್ಠ 20 ವರ್ಷಕ್ಕೆ. ಪತ್ರ ಕೊಡದ ತಪ್ಪಿನ ಬೆಲೆಯನ್ನು ನೌಕರನ ಕೈಗೇ ಕೊಡಿಸುವ ಈ ಪದ್ಧತಿಯನ್ನು ನಮ್ಮವರೂ ತರಬೇಕು. ಅರಬ್ ಸಂಯುಕ್ತ ಸಂಸ್ಥಾನದಲ್ಲಿರುವ ಕರಾವಳಿಯವರಿಗೆ ಸಂಬಳ ಬ್ಯಾಂಕಿನ ಮೂಲಕವೇ ಬರುವ ಸರ್ಕಾರಿ ವ್ಯವಸ್ಥೆಯಿರುವುದರಿಂದ ಪುರಾವೆ ಅಷ್ಟು ಕಷ್ಟವಲ್ಲ. ಒಂದು ವರ್ಷ ಮುಗಿಸಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲವೇತನದಂತೆ ಸೇವಾಂತ್ಯದ ಹಣ ಸಿಗುತ್ತದೆ.

ದೂರು ಎಲ್ಲಿ, ಎಷ್ಟರೊಳಗೆ

ಯೂನಿಯನ್ ಬೆನ್ನಿಗಿಲ್ಲದ ಒಬ್ಬಂಟಿ ನೌಕರನ ವಜಾ ಕೂಡ ಕೈಗಾರಿಕಾ ವಿವಾದವೇ ಎಂಬ ನಿಯಮ 1965ರಲ್ಲಿ ಬಂತು. ಸರ್ಕಾರದ ಶಿಫಾರಸಿಗೆ ಕಾಯದೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ಬಾಗಿಲನ್ನು ಕರ್ನಾಟಕ 1988ರಲ್ಲೇ ತೆರೆದಿತ್ತು. ಕೇಂದ್ರ ಅದನ್ನು ಮಾಡಿದ್ದು 2010ರಲ್ಲಿ. ಹಳೆಯ ಕೇಂದ್ರ ಕಾಯ್ದೆಯಲ್ಲಿ ಮೂರು ವರ್ಷವಿದ್ದ ಕಾಲಾವಕಾಶ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಕುಗ್ಗಿದೆ: ವಿವಾದ ಹುಟ್ಟಿ ಎರಡು ವರ್ಷವಾದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಸಂಧಾನ ಮುರಿದರೆ ಆ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಸಂಬಳದ ಬಾಕಿಗೆ ವೇತನ ಸಂಹಿತೆಯಡಿ ಮೂರು ವರ್ಷವಿದೆ. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಉಳಿದವರು ತಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋದರೆ ಮುಂದಿನ ದಾರಿ ಗೊತ್ತಾಗುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮತ್ತು ಕೈಗಾರಿಕಾ ಕಾರ್ಮಿಕರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಪ್ರತಿ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಿಯೂ ಕೇಳಬಹುದು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಿಗಾದರೂ ಹೀಗೆ ಕೆಲಸ ಹೋಗಿದ್ದರೆ ಅವರನ್ನು ಈ ವಾರವೇ ಅಲ್ಲಿಗೆ ಕರೆದುಕೊಂಡು ಹೋಗಿ.